ಕಣ್ಣಿನ ಹಿಂದೆ ಮೂರು ಮಿಲಿಮೀಟರ್: ಬಳಕೆದಾರರ ಕೈಪಿಡಿ

ಉತ್ಪನ್ನದ ಪರಿಚಯ

ಮನುಷ್ಯನ ತಲೆಯನ್ನು ಚಿಕಿತ್ಸೆಗೆ ಆರಿಸಿಕೊಂಡಿದ್ದಕ್ಕೆ ವಂದನೆಗಳು. ಉತ್ಪನ್ನ ಗಟ್ಟಿಮುಟ್ಟಾಗಿದೆ, ಅದರ ತೊಂದರೆಯೂ ಅದೇ. ಒಳಗಿರುವುದು ಮಿದುಳು, ರಕ್ತ ಮತ್ತು ಮಿದುಳನ್ನು ಸುತ್ತುವರಿದ ನೀರು. ಖಾಲಿ ಜಾಗ ಎಂಬುದಿಲ್ಲ. ಒಂದು ಉಬ್ಬಿದರೆ ಮತ್ತೊಂದು ಸರಿದು ಜಾಗ ಕೊಡಬೇಕು. ಸರಿಯಲು ಏನೂ ಉಳಿಯದಿದ್ದಾಗ ಒತ್ತಡ ಏರುತ್ತದೆ. ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ 1783ರಲ್ಲೇ ಇದನ್ನು ಬರೆದಿಟ್ಟ, ಜಾರ್ಜ್ ಕೆಲ್ಲಿ 1824ರಲ್ಲಿ ಅದಕ್ಕೆ ದನಿಗೂಡಿಸಿದ. ಆದರೂ ಹೊರಗಿನಿಂದ ಓದಿಕೊಳ್ಳಲು ಒಂದು ಮೀಟರನ್ನು ಈ ಉತ್ಪನ್ನಕ್ಕೆ ಯಾರೂ ಜೋಡಿಸಿಕೊಟ್ಟಿಲ್ಲ.

ಮಲಗಿರುವ ವಯಸ್ಕರಲ್ಲಿ ಈ ಒತ್ತಡ ಸಾಮಾನ್ಯವಾಗಿ ಪಾದರಸದ 7ರಿಂದ 15 ಮಿ.ಮೀ. ತಲೆಗೆ ಪೆಟ್ಟಾದವರಲ್ಲಿ 22 ದಾಟಿದರೆ ಇಳಿಸುವ ಚಿಕಿತ್ಸೆ ಶುರುಮಾಡಿ ಎನ್ನುತ್ತದೆ ಅಮೆರಿಕದ ಬ್ರೇನ್ ಟ್ರಾಮಾ ಫೌಂಡೇಶನ್ನಿನ 2016ರ ಮಾರ್ಗಸೂಚಿ. ಸರಿಯಾದ ಅಂಕಿ ಬೇಕೆಂದರೆ ಬುರುಡೆಗೆ ತೂತು ಕೊರೆದು ನಳಿಕೆ ಇಳಿಸಬೇಕು. ನರಶಸ್ತ್ರಚಿಕಿತ್ಸಕರು ಇಲ್ಲದ ಊರಲ್ಲಿ, ರಾತ್ರಿ ಎರಡು ಗಂಟೆಗೆ, ಬೈಕಿನಿಂದ ಬಿದ್ದ ಹುಡುಗನನ್ನು ಟ್ರಾಲಿ ಮೇಲೆ ತಂದು ನಿಲ್ಲಿಸಿದಾಗ ಈ ಸಲಹೆ ಬಹಳ ಉಪಯುಕ್ತ.

ಪಕ್ಕದ ಬಾಗಿಲು

ಅದೃಷ್ಟಕ್ಕೆ ಉತ್ಪನ್ನದಲ್ಲಿ ಎರಡು ಕಿಟಕಿಗಳಿವೆ. ದೃಷ್ಟಿನರವೆಂದರೆ ಹೊರಗೆ ಚಾಚಿಕೊಂಡ ಮಿದುಳೇ. ಮಿದುಳನ್ನು ಸುತ್ತಿದ ಪೊರೆಗಳು ಇದನ್ನೂ ಸುತ್ತಿಕೊಂಡು ಬರುತ್ತವೆ, ಮಿದುಳಿನ ನೀರೂ ಆ ಕವಚದೊಳಗೆ ಕಣ್ಣುಗುಡ್ಡೆಯ ಬೆನ್ನಿನವರೆಗೆ ಬರುತ್ತದೆ. ಕೆರೆ ತುಂಬಿದರೆ ಕಾಲುವೆಯಲ್ಲೂ ನೀರೇರುವಂತೆ, ತಲೆಯೊಳಗೆ ಒತ್ತಡ ಏರಿದಾಗ ಕವಚ ಹಿಗ್ಗುತ್ತದೆ. ಅತಿ ಹೆಚ್ಚು ಹಿಗ್ಗುವುದು ಕಣ್ಣುಗುಡ್ಡೆಯ ಹಿಂದೆ 3 ಮಿ.ಮೀ. ಜಾಗದಲ್ಲಿ ಎಂದು ಜರ್ಮನಿಯ ಹಾನ್ಸೆನ್ ಮತ್ತು ಹೆಲ್ಮ್ಕೆ 1990ರ ದಶಕದಲ್ಲಿ ತೋರಿಸಿಕೊಟ್ಟರು. ಆಫ್ತಾಲ್ಮೋಸ್ಕೋಪ್ ಹಿಡಿದು ಕಣ್ಣಿನ ಒಳಗೆ ನೋಡಿದರೆ ಕಾಣುವ ಊತಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು. ಕವಚಕ್ಕೆ ಅಷ್ಟು ತಾಳ್ಮೆಯಿಲ್ಲ.

ರೋಗಿಯ ತಾಯಿ ಈ ಹಂತದಲ್ಲಿ ಕೇಳುತ್ತಾರೆ: "ಪೆಟ್ಟು ಬಿದ್ದಿರೋದು ತಲೆಗಲ್ವಾ ಡಾಕ್ಟ್ರೇ, ಕಣ್ಣಿಗ್ಯಾಕೆ ಸ್ಕ್ಯಾನಿಂಗು?" "ಮೂಳೆ ದಾಟಿ ಕಾಣಲ್ಲಮ್ಮ, ಕಣ್ಣಿಂದ ಸಂದಿ ಸಿಗತ್ತೆ" ಎಂದರೆ ಸಾಕು. ಮೇಲಿನ ಪ್ಯಾರಾವನ್ನು ಓದಿ ಹೇಳಬೇಡಿ.

ಅಳವಡಿಕೆ

ಕವಚ ಅಳೆಯುವ ಅಲ್ಟ್ರಾಸೌಂಡ್ ಯಂತ್ರ ಹೆರಿಗೆ ವಾರ್ಡಿನಲ್ಲಿರುತ್ತದೆ. ಅದರ ಪಕ್ಕದ ಗೋಡೆಯ ಮೇಲೆ ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ, ಅದು ದಂಡನೀಯ ಎಂಬ ಫಲಕ ಇರುತ್ತದೆ. ಆ ಪತ್ತೆಯನ್ನು ತಡೆಯುವ 1994ರ ಕಾಯಿದೆಯಂತೆ ಯಂತ್ರ ನೋಂದಣಿಯಾಗಿರಬೇಕು, ಕಣ್ಣಿಗೆ ಮಾತ್ರ ಬಳಸುತ್ತೇನೆ ಎಂದರೂ ಬಿಡುವುದಿಲ್ಲ. ಆ ಫಲಕದ ಕೆಳಗೆ ಇಪ್ಪತ್ತೆರಡರ ಹುಡುಗನ ದೃಷ್ಟಿನರ ಅಳೆಯುವುದು ಪೂರ್ತಿ ಕಾನೂನುಬದ್ಧ, ಮುಜುಗರಪಡಬೇಡಿ.

ನೇರ ಪ್ರೋಬನ್ನೇ ಬಳಸಿ. ಹೊಟ್ಟೆ ನೋಡುವ ಬಾಗಿದ ಪ್ರೋಬು ಹತ್ತಿರದ ಸಣ್ಣ ವಸ್ತುವಿಗೆ ಒಗ್ಗದು. ಶಕ್ತಿ ಕಡಿಮೆ ಮಾಡಿ, ಕಣ್ಣಿಗೆಂದು ಇರುವ ಸೆಟ್ಟಿಂಗ್ ಹಾಕಿ: ಮೆಕ್ಯಾನಿಕಲ್ ಇಂಡೆಕ್ಸ್ 0.23 ಮೀರದಿರಲಿ. ರೆಪ್ಪೆ ಮುಚ್ಚಿ ಮೇಲೆ ಜೆಲ್ ಧಾರಾಳವಾಗಿ ಸುರಿಯಿರಿ. ಜೆಲ್ಲಿನಲ್ಲಿ ಕಂಜೂಸುತನ ಮಾಡುವವರು ಮುಂದೆ ಪ್ರೋಬನ್ನು ಒತ್ತುತ್ತಾರೆ, ಒತ್ತಿದರೆ ಎದೆಬಡಿತ ನಿಧಾನವಾಗಬಹುದು. ಕಣ್ಣುಗುಡ್ಡೆಯೇ ಒಡೆದಿರುವ ಸಂಶಯವಿದ್ದರೆ ಈ ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ.

ಅಳತೆ

ಪರದೆಯ ಮೇಲೆ ಗುಂಡಗೆ ಕಪ್ಪಾಗಿ ಕಣ್ಣು, ಅದರ ಹಿಂದೆ ಕಪ್ಪಾದ ನರ, ನರದ ಎರಡೂ ಬದಿ ಬಿಳಿಯ ಅಂಚು, ಆಚೆ ತೆಳುವಾದ ಇನ್ನೊಂದು ಕಪ್ಪು ಗೆರೆ, ಅದಕ್ಕೂ ಆಚೆ ಕೊಬ್ಬು. ಕಣ್ಣಿನ ಹಿಂಬದಿಯಿಂದ 3 ಮಿ.ಮೀ. ಕೆಳಗೆ ಒಂದು ಗುರುತು ಹಾಕಿ, ಅಲ್ಲಿ ನರಕ್ಕೆ ಅಡ್ಡಡ್ಡವಾಗಿ ಅಳೆಯಿರಿ. ಆದರೆ ಯಾವ ಅಂಚಿನಿಂದ ಯಾವ ಅಂಚಿಗೆ? ಕಪ್ಪು ಗೆರೆಯ ಒಳಗಡೆಯಿಂದಲೋ ಹೊರಗಡೆಯಿಂದಲೋ? ಪುಸ್ತಕಗಳೇ ಇದರಲ್ಲಿ ಜಗಳವಾಡಿವೆ. ಈ ಗೆರೆಯ ದಪ್ಪದಷ್ಟು ವ್ಯತ್ಯಾಸ ಒಬ್ಬ ರೋಗಿಯನ್ನು ಸಾಧಾರಣದಿಂದ ತುರ್ತಿಗೆ ದಾಟಿಸಬಲ್ಲದು. ಪ್ರೋಬು ಸ್ವಲ್ಪ ಓರೆಯಾದರೂ ನರ ಓರೆಯಾಗಿ ಕತ್ತರಿಸಿದಂತಾಗಿ ದಪ್ಪ ಕಾಣುತ್ತದೆ.

ಎರಡೂ ಕಣ್ಣು, ಅಡ್ಡ ಮತ್ತು ಉದ್ದ, ನಂತರ ಸರಾಸರಿ. ದೊಡ್ಡವರಲ್ಲಿ 5 ಮಿ.ಮೀ. ಒಳಗಿದ್ದರೆ ನೆಮ್ಮದಿ ಎಂಬುದು ಬಾಯಿಪಾಠ. ಒಂದರಿಂದ ಹದಿನೈದು ವರ್ಷದವರೆಗೆ 4.5, ಹಸುಗೂಸಿಗೆ 4. ಆದರೆ ದೊಡ್ಡವರ ಬಗ್ಗೆ ಬಂದ ಅಧ್ಯಯನಗಳು 4.8ರಿಂದ 6ರವರೆಗೆ ಎಲ್ಲೆಲ್ಲೋ ಗೆರೆ ಎಳೆದಿವೆ. ಹೀಗಾಗಿ 5.1 ಬಂದವನನ್ನು ನೋಡಿ ಹೌಹಾರುವುದು, 4.9 ಬಂದವನನ್ನು ಕಂಡು ಚಹಾ ಕುಡಿಯಲು ಹೋಗುವುದು, ಎರಡೂ ಒಂದೇ ತಪ್ಪಿನ ಎರಡು ಮುಖ. ಪಾಪೆಗಳು ಹಿಗ್ಗಿದ್ದರೆ ಯಾವ ಅಂಕಿ ಬಂದರೂ ಚಹಾ ಇಲ್ಲ.

ದೋಷ ಪರಿಹಾರ

ದೋಷ: ಹಿರಿಯ ವೈದ್ಯರು "ಪ್ರೆಷರ್ ಜಾಸ್ತಿ ಇರ್ಬೇಕಲ್ಲ?" ಎಂದು ಕೇಳಿದ ತಕ್ಷಣ ಅಳತೆ 0.4 ಮಿ.ಮೀ. ಬೆಳೆಯುತ್ತದೆ. ಪರಿಹಾರ: ಪ್ರಶ್ನೆ ಬರುವ ಮುನ್ನ ಅಳೆಯಿರಿ. ಸಿ.ಟಿ. ವರದಿ ಓದಿಕೊಂಡು ಅಳೆಯಲು ಕೂತರೆ ಅಳತೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಸಂಶೋಧನೆಯವರು ಅಳೆಯುವವರಿಂದ ವರದಿಯನ್ನು ಮುಚ್ಚಿಡುವುದು ಇದಕ್ಕೇ.

ದೋಷ: ಕವಚ ದಪ್ಪ, ರೋಗಿ ಎಚ್ಚರವಾಗಿ ಮಾತಾಡುತ್ತಿದ್ದಾರೆ. ದೃಷ್ಟಿನರದ ಉರಿಯೂತವೂ ಅದನ್ನು ಊದಿಸಬಹುದು. ಹಳೆ ಕಾಯಿಲೆ ಏನಿದೆ ಎಂದು ಕೇಳಿ. ಕೇಳುವುದಕ್ಕೆ ಜೆಲ್ ಬೇಕಿಲ್ಲ.

ಗ್ಯಾರಂಟಿ

ಇಲ್ಲ. ತುಂಬಾ ಹೊತ್ತು ಹಿಗ್ಗಿದ ಕವಚ ಒತ್ತಡ ಇಳಿದ ಮೇಲೂ ಕೂಡಲೇ ಹಳೆ ಅಳತೆಗೆ ಬರದಿರಬಹುದು. ಹಾಗಾಗಿ ಒತ್ತಡ ಇಳಿಸುವ ಮ್ಯಾನಿಟಾಲ್ ಕೊಟ್ಟ ಅರ್ಧ ಗಂಟೆಗೆ ಮತ್ತೆ ಪ್ರೋಬು ಹಿಡಿದು ಯಂತ್ರದೊಂದಿಗೆ ಮುನಿಸಿಕೊಳ್ಳಬೇಡಿ. ಫೈಲಿನಲ್ಲಿ "ಒತ್ತಡ ಇಷ್ಟು" ಎಂದು ಬರೆಯುವಂತಿಲ್ಲ, ಅದನ್ನು ನೀವು ಅಳೆದಿಲ್ಲ. "ಬಲ 5.7, ಎಡ 5.9, ಒಳ ಅಂಚಿನಿಂದ ಒಳ ಅಂಚಿಗೆ, 2:20, ಸಿ.ಟಿ.ಗೆ ಕಳಿಸಲಾಗಿದೆ" ಎಂದು ಬರೆದು ಹೆಸರು ಹಾಕಿ, ಆಂಬ್ಯುಲೆನ್ಸ್ ಕರೆಸಿ. ಪ್ರೋಬನ್ನು ಒರೆಸಿಡಿ, ಹೆರಿಗೆ ವಾರ್ಡಿನ ಸಿಸ್ಟರ್ ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ.