ಚೀಲದ ಗಣಿತ

ಎಮ್ಮಿಗನೂರಿನ ಹಿರಿಯ ರೈತರೊಳಗೆ ಒಂದು ವರ್ಗದವರುಂಟು: ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಸೋನಾಮಸೂರಿ ಬೆಳೆದು, ಮಗನನ್ನು ಬೆಂಗಳೂರಿನ ಕಂಪ್ಯೂಟರ್ ಉದ್ಯೋಗಕ್ಕೆ ಒಪ್ಪಿಸಿ, ಜಗತ್ತಿನ ಸಮಸ್ತ ಪದಾರ್ಥಗಳ ಮೌಲ್ಯವನ್ನೂ ಭತ್ತದ ಚೀಲಗಳಲ್ಲಿಯೇ ಅಳೆಯತಕ್ಕ ಮಹನೀಯರು. ಅವರ ಪಾಲಿಗೆ ರೂಪಾಯಿಯೆಂಬುದು ಸರಕಾರದ ಊಹೆ. 75 ಕಿಲೋ ತೂಗುವ ಚೀಲವೊಂದೇ ಪರಮಾರ್ಥ.

ಇಂತಹ ಗೌಡರೊಬ್ಬರು ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಮಗನ ಸಂಸಾರವನ್ನು, ಎಂದರೆ ಮಗ, ಹಾಸಿಗೆ ಹಾಗೂ ಲ್ಯಾಪ್‌ಟಾಪುಗಳನ್ನು, ಕಂಡುಬರಲು ಹೋದರು. ಮಾರತ್ತಹಳ್ಳಿಯ ನಾಲ್ಕನೆಯ ಮಹಡಿಯಲ್ಲಿದ್ದ ಆ ಸ್ಟುಡಿಯೋವನ್ನು ಪ್ರವೇಶಿಸಿ, ಒಳಮನೆ ಎಲ್ಲಿ ಎಂದು ವಿಚಾರಿಸಲಾಗಿ, ತಾವು ನಿಂತ ನಾಲ್ಕು ಹೆಜ್ಜೆಯ ನೆಲವೇ ಪಡಸಾಲೆ, ಅಡುಗೆಮನೆ, ಶಯನಗೃಹಗಳ ತ್ರಿವೇಣೀಸಂಗಮವೆಂದು ತಿಳಿದುಬಂದಿತು. ತಲೆದಿಂಬಿನಿಂದ ಒಗ್ಗರಣೆಯ ವಾಸನೆ ಬರುತ್ತಿದ್ದುದರ ರಹಸ್ಯವೂ ಬಯಲಾಯಿತು.

ಬಾಡಿಗೆ 18,000 ರೂಪಾಯಿ. ಅಡ್ವಾನ್ಸು ಹತ್ತು ತಿಂಗಳದು. 2024-25ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,300, ಎಂದರೆ ಚೀಲಕ್ಕೆ 1,725; ಗೌಡರು ಬೆರಳ ಗೆಣ್ಣುಗಳ ಮೇಲೆಯೇ ತಿಂಗಳಿಗೆ ಹತ್ತೂವರೆ ಚೀಲವೆಂದೂ, ಅಡ್ವಾನ್ಸಿಗೆ ನೂರನಾಲ್ಕೆಂದೂ ನಿರ್ಣಯಿಸಿದರು. ವರ್ಷ ದಾಟಿದರೆ ನೋಂದಣಿ ಕಡ್ಡಾಯವಾದೀತೆಂಬ ಭಯದಿಂದ ಕರಾರನ್ನು ಹನ್ನೊಂದೇ ತಿಂಗಳಿಗೆ ಬರೆದುದನ್ನು ಕಂಡು, “ಅಧಿಕಮಾಸ ಕೇಳೀನಿ, ಇದ್ಯಾವ ಕ್ಷಯಮಾಸಪ್ಪ?” ಎಂದರು. ಖಾಲಿಮಾಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವರೆಂದಾಗಲಂತೂ, “ವಿರೂಪಾಕ್ಷನ ತೇರಿಗೂ ಹತ್ತು ಚೀಲದ ಬಣ್ಣ ಹಿಡಿಯಂಗಿಲ್ಲ!” ಎಂದು ಗುಡುಗಿದರು.

ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಕೋಣೆಯ ವಿಸ್ತೀರ್ಣ ಕಾಲು ಗುಂಟೆ. ಎಕರೆಗೆ ಅಂತಹವು 160. ತಿಂಗಳ ಉತ್ಪನ್ನ 28,80,000 ರೂಪಾಯಿ, ಅದೂ ಒಂದೇ ಅಂತಸ್ತಿಗೆ. ನಾಟಿಯಿಲ್ಲ, ಗೊಬ್ಬರವಿಲ್ಲ, ಕಾಲುವೆಗೆ ನೀರು ಬಿಡುವ ದಿನಾಂಕಕ್ಕಾಗಿ ಬಾಯಿ ಬಿಡಬೇಕಾಗಿಲ್ಲ. ಗಣಿತದಲ್ಲಿ ಲೋಪವಿರಲಿಲ್ಲ, ಜನರು ಓಡಾಡುವುದಕ್ಕೆ ದಾರಿ ಬಿಡುವುದನ್ನು ಮಾತ್ರ ಮರೆತಿದ್ದರು, ಅದನ್ನು ಬೆಂಗಳೂರಿನವರೇ ಮರೆತಿರುವಾಗ ಗೌಡರನ್ನು ದೂಷಿಸುವುದು ನ್ಯಾಯವಲ್ಲ. ಬೆಳಗಾಗುವಷ್ಟರಲ್ಲಿ ಮನೆಯೊಡೆಯನ ಮೇಲಿದ್ದ ಕ್ರೋಧವು ಗುರುಭಕ್ತಿಯಾಗಿ ಪರಿಣಮಿಸಿತ್ತು.

ಊರಿಗೆ ಮರಳಿದವರೇ, ತಮ್ಮ ಹಿತ್ತಿಲ ಕೋಣೆಯಲ್ಲಿ ಬಹುಕಾಲದಿಂದ ಬಾಡಿಗೆಗಿದ್ದ ಶಾಲೆಯ ಮಾಸ್ತರನ್ನು ಕರೆಸಿ, ಇನ್ನು ಮುಂದೆ ಅದು ಸ್ಟುಡಿಯೋ ಎಂದೂ, ಹತ್ತು ತಿಂಗಳ ಅಡ್ವಾನ್ಸು ತರತಕ್ಕದ್ದೆಂದೂ ಗಂಭೀರವಾಗಿ ಅಪ್ಪಣೆ ಕೊಡಿಸಿದರು. ಮಾಸ್ತರರು ವಿನಯದಿಂದ ಕೈಮುಗಿದು ಕೇಳಿದರು: “ಆಗ್ಲಿ ಗೌಡ್ರೇ. ಲಿಫ್ಟು ಎಲ್ಲೈತ್ರೀ?”