ಫರ್ಮ್‌ವೇರ್ ಮಹಾಶಯರ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ಮದರ್‌ಬೋರ್ಡಿನ ಮೂಲೆಯ ಚಿಪ್ಪೊಂದರಲ್ಲಿ ವಾಸವಾಗಿದ್ದು, ಪವರ್ ಬಟನ್ ಒತ್ತಿದ ಕ್ಷಣದಿಂದ ಆಪರೇಟಿಂಗ್ ಸಿಸ್ಟಮ್ ಕಣ್ಣು ಬಿಡುವವರೆಗಿನ ಸರ್ವಾಧಿಕಾರ ನಡೆಸಿಕೊಂಡು ಬಂದಿರುವ ಶ್ರೀಮಾನ್ ಫರ್ಮ್‌ವೇರ್ ಅವರಿಗೆ, ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಹೋಗಿ ಕಪ್ಪು ಪರದೆಯ ಮುಂದೆ ಕೂತಿರುವ ಸಮಸ್ತ ಅರ್ಜಿದಾರರ ವಿಜ್ಞಾಪನೆ.

ಮಾನ್ಯರೇ,

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಮಕ್ಕಳ ಪ್ರಾಜೆಕ್ಟು, ಅಂಗಡಿಯ ಬಿಲ್ಲು, ಮದುವೆಯ ಫೋಟೋ ಎಲ್ಲವನ್ನೂ ಸಂಭಾಳಿಸುತ್ತಿದ್ದ ಯಂತ್ರಗಳು ಕೆಟ್ಟು ಹೋಗದೆಯೇ ಅನರ್ಹವಾದವು. ಎಸೆಯಲು ಮನಸ್ಸು ಬಾರದ ಅರ್ಜಿದಾರರು ಒಂದು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟನ್ನೋ ಲುಬುಂಟುವನ್ನೋ ಪೆನ್‌ಡ್ರೈವಿಗೆ ಬರೆದುಕೊಂಡು ತಮ್ಮ ಬಾಗಿಲಿಗೆ ಬಂದರು. ಬಾಗಿಲು ಯಾವ ಕೀಲಿಗೆ ತೆರೆಯುತ್ತದೆ ಎಂಬುದನ್ನೇ ತಾವು ಗುಟ್ಟಾಗಿಟ್ಟಿದ್ದೀರಿ. ಒಂದು ಕಂಪನಿಯಲ್ಲಿ ಎಫ್2, ಇನ್ನೊಂದರಲ್ಲಿ ಎಫ್12, ಮತ್ತೊಂದರಲ್ಲಿ ಎಸ್ಕೇಪ್, ಎಲ್ಲೋ ಒಂದು ಕಡೆ ಡಿಲೀಟ್. ಲೋಗೋ ಮಿನುಗುವ ಒಂದೆರಡು ಸೆಕೆಂಡಿನಲ್ಲಿ ನಾಲ್ಕನ್ನೂ ತಬಲಾ ಬಾರಿಸಿದಂತೆ ಬಡಿಯಬೇಕು.

ಅನುಸ್ಥಾಪನೆ ಹಾಳಾದರೆ ಎಲ್ಲರೂ ಬೈಯುವುದು ಇಬ್ಬರನ್ನೇ. ಒಬ್ಬ ಬಳಕೆದಾರ, ಅವನಿಗೆ ಬುದ್ಧಿ ಇಲ್ಲ. ಇನ್ನೊಂದು ಲಿನಕ್ಸ್, ಅದಕ್ಕೆ ಶಿಸ್ತು ಇಲ್ಲ. ನಡುವೆ ಕೂತ ತಮ್ಮ ಹೆಸರನ್ನು ಯಾರೂ ಎತ್ತುವುದಿಲ್ಲ. ಆ ಅನ್ಯಾಯವನ್ನು ಸರಿಪಡಿಸುವುದೇ ಈ ಪತ್ರದ ಉದ್ದೇಶ.

ಮೊದಲಿಗೆ ತಮ್ಮ ಕುಲದ ಕೀರ್ತಿ. 2012ರಲ್ಲಿ ಮ್ಯಾಥ್ಯೂ ಗ್ಯಾರೆಟ್ ಎಂಬ ಲಿನಕ್ಸ್ ತಜ್ಞರು ಲೆನೊವೊ ಥಿಂಕ್‌ಸೆಂಟರ್ ಎಂ92ಪಿ ಎಂಬ ಯಂತ್ರದಲ್ಲಿ ಒಂದು ವಿಚಿತ್ರ ಕಂಡರು. ಅದು ಲ್ಯಾಪ್‌ಟಾಪಲ್ಲ, ಡೆಸ್ಕ್‌ಟಾಪು. ಆದರೂ ತಮ್ಮ ದಾಯಾದಿಯೇ. ಹಾರ್ಡ್‌ಡಿಸ್ಕಿಗೆ ಸಂಬಂಧಿಸಿದ ಬೂಟ್ ನಮೂದಿನ ಹೆಸರು ‘ವಿಂಡೋಸ್ ಬೂಟ್ ಮ್ಯಾನೇಜರ್’ ಅಥವಾ ‘ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್’ ಎಂದಿದ್ದರೆ ಮಾತ್ರ ಅದು ಒಳಗೆ ಬಿಡುತ್ತಿತ್ತು. ಫೆಡೋರಾ ಎಂದು ಬರೆದುಕೊಂಡರೆ ಬಾಗಿಲು ಬಂದ್. ಆ ಹೆಸರು ಬರೀ ಮೆನುವಿನಲ್ಲಿ ತೋರಿಸಲಿಕ್ಕೆ ಇರುವ ಅಕ್ಷರಗಳು. ಅದನ್ನು ನೋಡಿ ಪ್ರವೇಶ ನಿರ್ಧರಿಸಬೇಕೆಂದು ತಮ್ಮ ನಡತೆಯ ನಿಯಮಾವಳಿಯಾದ ಯುಇಎಫ್‌ಐ ಗ್ರಂಥದಲ್ಲಿ ಎಲ್ಲೂ ಬರೆದಿಲ್ಲ. ವೈಕುಂಠದ ಬಾಗಿಲಲ್ಲಿ ಸನಕಾದಿಗಳನ್ನು ತಡೆದ ಜಯವಿಜಯರೂ ಹೆಸರು ಕೇಳಿ ಜರಡಿ ಹಿಡಿದವರಲ್ಲ; ಅವರಿಗೆ ಮೂರು ಜನ್ಮದ ಶಾಪ ತಟ್ಟಿತು, ತಮಗೆ ಅದೂ ತಟ್ಟಲಿಲ್ಲ.

ಈ ಗುಣ ಇನ್ನೂ ಪೂರ್ತಿ ಹೋಗಿಲ್ಲ. ಲಿನಕ್ಸ್ ಸರಿಯಾಗಿಯೇ ಇನ್‌ಸ್ಟಾಲ್ ಆಗಿ, ರೀಸ್ಟಾರ್ಟ್ ಮಾಡಿದೊಡನೆ ‘ಬೂಟ್ ಮಾಡಬಲ್ಲ ಸಾಧನ ಇಲ್ಲ’ ಎಂದು ಸಾರುವ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ಕಾರಣ ಇಷ್ಟೇ: ಲಿನಕ್ಸ್ ತನ್ನ ಫೋಲ್ಡರಿನಲ್ಲಿ ಇಟ್ಟ ಬೂಟ್‌ಲೋಡರನ್ನು ತಾವು ಕಣ್ಣೆತ್ತಿಯೂ ನೋಡುವುದಿಲ್ಲ. ಬಲ್ಲವರು ಅದೇ ಕಡತವನ್ನು ಇಎಫ್‌ಐ ವಿಭಾಗದ ‘ಬೂಟ್’ ಫೋಲ್ಡರಿಗೆ ನಕಲು ಮಾಡಿ, ‘ಬೂಟ್‌ಎಕ್ಸ್64’ ಎಂಬ ಪೂರ್ವನಿಗದಿತ ಹೆಸರಿಡುತ್ತಾರೆ. ತಾವು ಕೂಡಲೇ ಕೈಮುಗಿದು ಒಳಗೆ ಬಿಡುತ್ತೀರಿ.

ವೇಷ ಹಾಕುವುದು ಅಷ್ಟಕ್ಕೇ ಮುಗಿಯುವುದಿಲ್ಲ. ಬ್ಯಾಟರಿ, ಫ್ಯಾನು, ಪರದೆಯ ಬೆಳಕು ಇವುಗಳ ಉಸ್ತುವಾರಿಗೆ ಎಸಿಪಿಐ ಎಂಬ ವ್ಯವಸ್ಥೆ ಇದೆ. ಅದರಲ್ಲಿ ತಾವು ಬಂದವರನ್ನು ‘ನೀನು ಯಾವ ವಿಂಡೋಸ್?’ ಎಂದು ಕೇಳುವ ಪದ್ಧತಿ. ಲಿನಕ್ಸ್ ಕರ್ನೆಲ್ ನಾಚಿಕೆ ಬಿಟ್ಟು ಎಲ್ಲ ವಿಂಡೋಸ್ ಹೆಸರಿಗೂ ‘ಹೌದು, ನಾನೇ’ ಎನ್ನುತ್ತದೆ. ‘ಲಿನಕ್ಸೋ?’ ಎಂದು ಕೇಳಿದರೆ ‘ಅಲ್ಲ’ ಎನ್ನುತ್ತದೆ. ಇದು ತಮಾಷೆಗೆ ಕಟ್ಟಿದ್ದಲ್ಲ, ಕರ್ನೆಲ್ಲಿನ ದಾಖಲೆಗಳಲ್ಲೇ ವಿವರಿಸಿರುವ ನೀತಿ. ತಯಾರಕರು ಪರೀಕ್ಷಿಸಿ ನೋಡಿರುವುದು ವಿಂಡೋಸಿನ ದಾರಿಯೊಂದನ್ನೇ ಆದ್ದರಿಂದ, ನಿಜ ಹೇಳಿದವನಿಗೆ ಸಿಗುವುದು ಯಾರೂ ಓಡಾಡದ ಮುಳ್ಳಿನ ಹಾದಿ. 1999ರ ಜನವರಿಯಲ್ಲಿ ಬಿಲ್ ಗೇಟ್ಸ್ ಬರೆದಿದ್ದ ಇಮೇಲೊಂದು ಅಮೆರಿಕದ ಅಯೋವಾ ರಾಜ್ಯದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಹೊರಬಂದಿತ್ತು. ಎಸಿಪಿಐಗಾಗಿ ಮೈಕ್ರೋಸಾಫ್ಟ್ ದುಡಿದು, ಲಿನಕ್ಸ್ ದುಡಿಯದೆಯೇ ಚೆನ್ನಾಗಿ ಓಡುವಂತಾದೀತಲ್ಲ ಎಂಬ ಕಳವಳ ಅದರಲ್ಲಿತ್ತು. ಅವರು ಸುಮ್ಮನೆ ತಲೆ ಕೆಡಿಸಿಕೊಂಡರು. ಸಂಚು ಬೇಕಾಗಿಯೇ ಇರಲಿಲ್ಲ, ತಯಾರಕರ ಸೋಮಾರಿತನವೇ ಆ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟಿತು.

ಇನ್ನು ಲಿನಕ್ಸಿನ ಬೂಟ್‌ಲೋಡರ್ ಆದ ಗ್ರಬ್ಬಿನ ಬಗ್ಗೆ ಬರುವ ‘ಗ್ರಬ್ ಅಳವಡಿಕೆ ವಿಫಲ, ಇದು ಮಾರಕ ದೋಷ’ ಎಂಬ ಸಂದೇಶ. ಎಲ್ಲ ಕಡತ ನಕಲಾಗಿ, ಪಟ್ಟಿ ತುಂಬುತ್ತ ಬಂದು, ಇನ್ನೇನು ಮುಗಿಯಿತು ಎನ್ನುವಾಗ ಇದು ಬರುತ್ತದೆ. ತಮಗೆ ಎರಡು ಮುಖ: ಹಳೆಯ ಲೆಗಸಿ, ಹೊಸ ಯುಇಎಫ್‌ಐ. ಪೆನ್‌ಡ್ರೈವನ್ನು ಒಂದು ಮುಖದಿಂದ ಬರಮಾಡಿಕೊಂಡು, ಡಿಸ್ಕನ್ನು ಇನ್ನೊಂದು ಮುಖಕ್ಕೆ ತಕ್ಕಂತೆ ವಿಭಾಗಿಸಿಟ್ಟಿದ್ದರೆ ಗ್ರಬ್ಬಿಗೆ ಕೂರಲು ಜಾಗವೇ ಇರುವುದಿಲ್ಲ. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಾಣಿಸುವುದೂ ಇದಕ್ಕೇ. ಹೊಸಬರು ಒಂದೇ ಅಲ್ಲವೇ ಎಂದು ಮೇಲಿನದನ್ನು ಒತ್ತುತ್ತಾರೆ. ಲೈವ್ ಲಿನಕ್ಸಿನ ಟರ್ಮಿನಲ್ಲಿನಲ್ಲಿ ‘ಸಿಸ್’ ಕೋಶದೊಳಗಿನ ‘ಫರ್ಮ್‌ವೇರ್’ ಕೋಶಕ್ಕೆ ಇಣುಕಿದಾಗ ಅಲ್ಲಿ ‘ಇಎಫ್‌ಐ’ ಎಂಬುದು ಇದ್ದರೆ ಹೊಸ ಮುಖ, ಇಲ್ಲದಿದ್ದರೆ ಹಳೆಯದು. ಹೊಸ ಮುಖವಾದರೆ ಫ್ಯಾಟ್32 ಮಾದರಿಯ ಕೆಲವು ನೂರು ಎಂಬಿಯ ಇಎಫ್‌ಐ ವಿಭಾಗ ಮಾಡಿಕೊಟ್ಟರಾಯಿತು. ಎರಡು ಮುಖವಿರುವುದು ತಪ್ಪಲ್ಲ. ಯಾವ ಮುಖದಿಂದ ಮಾತಾಡುತ್ತಿದ್ದೀರೆಂದು ಒಂದು ಮಾತು ಹೇಳಿದ್ದರೆ ಮೂರನೇ ಸಲ ಡಿಸ್ಕ್ ಅಳಿಸುವುದು ತಪ್ಪುತ್ತಿತ್ತು.

ಅರ್ಧಂಬರ್ಧ ಬೆಳೆದ ತಮ್ಮ ತಮ್ಮಂದಿರೂ ಇದ್ದಾರೆ. 2013-14ರ ಸುಮಾರಿಗೆ ಬಂದ ಹಲವು ಬೇ ಟ್ರೇಲ್ ಆಟಂ ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್, ಅದರ ತಲೆಯ ಮೇಲೆ ಕೂತ ಯುಇಎಫ್‌ಐ 32 ಬಿಟ್. ಸಾಧಾರಣ 64 ಬಿಟ್ ಪೆನ್‌ಡ್ರೈವನ್ನು ಅದು ಗುರುತಿಸುವುದೇ ಇಲ್ಲ. ‘ಬೂಟ್‌ಐಎ32’ ಎಂಬ ಕಡತವನ್ನು ಬೇರೆಯಾಗಿ ಸೇರಿಸಿಕೊಡಬೇಕು.

ಏಸರ್ ಲ್ಯಾಪ್‌ಟಾಪುಗಳಲ್ಲಿ ತಮ್ಮ ಲೀಲೆ ಬೇರೆಯೇ. ನಂಬಿಕೆಯ ಸಹಿಯಿಲ್ಲದ ಬೂಟ್‌ಲೋಡರನ್ನು ತಡೆಯುವ ಸೆಕ್ಯೂರ್ ಬೂಟ್ ಆಯ್ಕೆ ಕಣ್ಣಿಗೆ ಕಾಣುತ್ತದೆ, ಆದರೆ ಮಸುಕು, ಮುಟ್ಟಲಾಗದು. ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟರೆ ಅದು ಜೀವ ತಳೆಯುತ್ತದೆ. ಬೀಗ ತೆಗೆಯಬೇಕಾದರೆ ಮೊದಲು ಇನ್ನೊಂದು ಬೀಗ ಹಾಕಬೇಕೆಂಬ ಈ ತತ್ವ ಯಾವ ದರ್ಶನದ್ದೋ ಪಂಡಿತರೇ ಹೇಳಬೇಕು.

ಅನುಸ್ಥಾಪಕನಿಗೆ ಡಿಸ್ಕೇ ಕಾಣದಿದ್ದರೆ ಬಹಳ ಸಲ ತಾವು ಅದನ್ನು ಇಂಟೆಲ್ ಆರ್‌ಎಸ್‌ಟಿ ಎಂಬ ರೇಯ್ಡ್ ಪರದೆಯ ಹಿಂದೆ ಅಡಗಿಸಿದ್ದೀರೆಂದು ಅರ್ಥ. ಡಿಸ್ಕಿನ ಸೆಟ್ಟಿಂಗನ್ನು ಎಎಚ್‌ಸಿಐಗೆ ಬದಲಿಸಿದರೆ ಪ್ರತ್ಯಕ್ಷ. (ವಿಂಡೋಸನ್ನೂ ಉಳಿಸಿಕೊಳ್ಳುವವರು ಬದಲಿಸುವ ಮೊದಲು ಅದನ್ನು ಸೇಫ್ ಮೋಡಿಗೆ ಹೊಂದಿಸಿಕೊಳ್ಳಲಿ, ಇಲ್ಲವಾದರೆ ಅದು ನೀಲಿ ಪರದೆ ತೋರಿಸಿ ಮಲಗುತ್ತದೆ.) ಗ್ರಾಫಿಕ್ಸ್ ಕಾರ್ಡಿನ ಕಾರಣಕ್ಕೆ ಪರದೆ ಕಪ್ಪಾದರೆ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ, ಎಫ್10 ಒತ್ತುವುದು ವಾಡಿಕೆ. ಬ್ರಾಡ್‌ಕಾಂ ವೈಫೈ ಚಿಪ್ಪಿಗೆ ಬೇಕಾದ ಡ್ರೈವರನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಇಂಟರ್‌ನೆಟ್ಟಿಗೆ ವೈಫೈ ಬೇಕು. ಈ ಸುಳಿಯಿಂದ ಪಾರು ಮಾಡಿದ್ದು ಮೊಬೈಲ್ ಫೋನಿನ ಯುಎಸ್‌ಬಿ ಟೆದರಿಂಗ್. ರಗಳೆಯೇ ಬೇಡವೆಂದು ಬೇರೆ ವೈಫೈ ಕಾರ್ಡ್ ತಂದು ಹಾಕಿದರೆ ಹಳೇ ಥಿಂಕ್‌ಪ್ಯಾಡುಗಳಲ್ಲಿ ತಾವು ‘ದೋಷ 1802: ಅನಧಿಕೃತ ಕಾರ್ಡ್, ಕಿತ್ತು ಹಾಕಿ’ ಎಂದು ಹಟ ಹಿಡಿದು ನಿಂತುಬಿಟ್ಟಿರಿ. ದುಡ್ಡು ಕೊಟ್ಟು ಕೊಂಡ ಲ್ಯಾಪ್‌ಟಾಪಿನೊಳಗೆ ದುಡ್ಡು ಕೊಟ್ಟು ಕೊಂಡ ಕಾರ್ಡು ಅನಧಿಕೃತ!

ತಮ್ಮ ಪಕ್ಷದ ಮಾತನ್ನೂ ಹೇಳದಿದ್ದರೆ ಪತ್ರ ಏಕಪಕ್ಷೀಯವಾದೀತು. 2017ರ ಅಕ್ಟೋಬರಿನ ಉಬುಂಟು 17.10ರ ಕರ್ನೆಲ್ಲಿನಲ್ಲಿ ಇಂಟೆಲ್ ಎಸ್‌ಪಿಐ ಎಂಬ ಡ್ರೈವರ್ ಸೇರಿಕೊಂಡು, ಹಲವು ಲೆನೊವೊ ಲ್ಯಾಪ್‌ಟಾಪುಗಳಲ್ಲಿ ತಮ್ಮ ನೆನಪಿಗೇ ಕೈಹಾಕಿತು. ಸೆಟ್ಟಿಂಗ್ ಉಳಿಯದು, ಯುಎಸ್‌ಬಿಯಿಂದ ಬೂಟ್ ಆಗದು. ಡಿಸೆಂಬರಿನಲ್ಲಿ ಉಬುಂಟು ಆ ಡೌನ್‌ಲೋಡನ್ನೇ ಹಿಂತೆಗೆದುಕೊಂಡು, ಜನವರಿ 2018ರಲ್ಲಿ ತಿದ್ದಿದ 17.10.1 ಬಿಟ್ಟಿತು. ಆದರೆ ಅದಕ್ಕೂ ಮುಂಚೆ, 2013ರಲ್ಲಿ, ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪುಗಳು ಲಿನಕ್ಸ್ ಬೂಟ್ ಮಾಡಿದೊಡನೆ ಶಾಶ್ವತವಾಗಿ ಕಣ್ಣು ಮುಚ್ಚಿದ್ದವು. ಊರೆಲ್ಲ ಲಿನಕ್ಸನ್ನು ಬೈದಾದ ಮೇಲೆ, ಮತ್ತೆ ಅದೇ ಗ್ಯಾರೆಟ್, ವಿಂಡೋಸಿನಿಂದಲೂ ತಮ್ಮ ನೆನಪಿನ ಜಾಗ ತುಂಬಿಸಿ ಹಾಗೆಯೇ ಕೊಲ್ಲಬಹುದೆಂದು ತೋರಿಸಿದರು. 2024ರ ಆಗಸ್ಟಿನಲ್ಲಿಯೂ ಅಷ್ಟೇ: ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಯಂತ್ರಗಳಿಗೆ ಹೋಗಬಾರದಿದ್ದ ವಿಂಡೋಸ್ ಅಪ್‌ಡೇಟೊಂದು ಹೋಗಿಯೇ ಹೋಯಿತು. ‘ಏನೋ ಗಂಭೀರವಾಗಿ ಎಡವಟ್ಟಾಗಿದೆ’ ಎಂಬರ್ಥದ ಸಾಲು ತೋರಿಸಿ ಯಂತ್ರಗಳು ಆಫ್ ಆದವು. ಎಡವಟ್ಟು ಯಾರದ್ದು ಎಂಬುದು ಆ ಸಾಲಿನಲ್ಲಿ ಇರಲಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸಿನೊಳಗೆ ಹೋಗಿ ಆ ಅಪ್‌ಡೇಟ್ ಹೇರಿದ್ದ ಹೊಸ ಬೂಟ್ ನೀತಿಯನ್ನು ಅಳಿಸಿ, ಮತ್ತೆ ಸೆಕ್ಯೂರ್ ಬೂಟ್ ಹಚ್ಚುವುದೇ ಪರಿಹಾರವಾಯಿತು.

ಕೊನೆಯದಾಗಿ, ತಾವು ಲಿನಕ್ಸನ್ನು ನಂಬುವುದು ಮೈಕ್ರೋಸಾಫ್ಟ್ 2011ರಲ್ಲಿ ಹೊರಡಿಸಿದ ಪ್ರಮಾಣಪತ್ರದ ಬಲದಿಂದ. ಅದರ ಅವಧಿ 2026ರ ಜೂನ್‌ವರೆಗೆ. ಬದಲಿ ಪತ್ರ 2023ರದ್ದು. ಹೊಸ ಪತ್ರದ ಸಹಿಯಷ್ಟೇ ಇರುವ ಬೂಟ್‌ಲೋಡರ್ ಬಂದಾಗ ತಾವು ಗುರುತಿಸಬೇಕಾದರೆ ಆ ಪತ್ರ ತಮ್ಮ ಚಿಪ್ಪಿನೊಳಗೆ ಮೊದಲೇ ಸೇರಿರಬೇಕು. ತಮ್ಮ ತಯಾರಕರು ತಮಗೆ ಕೊನೆಯ ಅಪ್‌ಡೇಟ್ ಕೊಟ್ಟು ಯಾವ ಕಾಲವಾಯಿತು? ಅರ್ಜಿದಾರರು ಉತ್ತರಕ್ಕಾಗಿ ಕಾಯುತ್ತ, ಸದ್ಯಕ್ಕೆ ಸೆಕ್ಯೂರ್ ಬೂಟ್ ಆಫ್ ಮಾಡಿಟ್ಟಿದ್ದಾರೆ.

ಇತಿ,
ತಮ್ಮ ಬಾಗಿಲಲ್ಲಿ ಪೆನ್‌ಡ್ರೈವ್ ಹಿಡಿದು ನಿಂತವರು

ತಾ.ಕ.: ಅವಧಿ ಮುಗಿದ ಪತ್ರವನ್ನೂ ತಾವು ಬೂಟ್ ಹೊತ್ತಿನಲ್ಲಿ ತಾರೀಕು ನೋಡದೆ ಒಪ್ಪಿಕೊಳ್ಳುವುದು ವಾಡಿಕೆ ಎಂದು ಬಲ್ಲವರ ಮಾತು. ನೋಡದಿರುವುದೇ ಕ್ಷೇಮ, ಯಾಕೆಂದರೆ ತಮ್ಮ ಸಿಆರ್2032 ಸೆಲ್ ಸತ್ತು ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆ. ಅದರಿಂದಾಗಿ ಲಿನಕ್ಸ್ ಇನ್‌ಸ್ಟಾಲ್ ಆದ ಮೇಲೂ ಅಪ್‌ಡೇಟ್ ಇಳಿಯುತ್ತಿಲ್ಲ. ‘ಈ ಕಡತ ಇನ್ನೂ ಜಾರಿಗೇ ಬಂದಿಲ್ಲ’ ಎನ್ನುತ್ತಿದೆ. ಹೊಸ ಸೆಲ್ ತರಲು ಒಬ್ಬರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಎಎಚ್‌ಸಿಐ ಸೆಟ್ಟಿಂಗನ್ನೂ ಮರೆತು ಕೂರಬೇಡಿ.