ಪ್ಯಾಕೇಜಾನ್ವೇಷಣ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಇರಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡುವುದು ಶಿಷ್ಟಾಚಾರ. ಪ್ರಕೃತ ಶಾಸ್ತ್ರದ ವಿಷಯ: ಜಾವಾಸ್ಕ್ರಿಪ್ಟಿನ ಎನ್‌ಪಿಎಂ ಭಂಡಾರದಲ್ಲಿ ತುಂಬಿರುವ 20 ಲಕ್ಷಕ್ಕೂ ಮಿಕ್ಕಿದ ಪ್ಯಾಕೇಜುಗಳು. ಪ್ರಯೋಜನ: ಅವುಗಳಲ್ಲಿ ತಕ್ಕುದಾದ ಒಂದನ್ನು ಆರಿಸಿಕೊಂಡು ಮನೆಗೆ ಹೋಗುವುದು. ಸಂಬಂಧ: ಕರೆದದ್ದು ಒಬ್ಬರನ್ನೇ ಆದರೂ ಹಿಂದೆಯೇ ಬಂದಿಳಿಯುವ ಬಂಧುಬಳಗ, ಲೌಕಿಕರು ಇದಕ್ಕೆ ಡಿಪೆಂಡೆನ್ಸಿ ಎನ್ನುತ್ತಾರೆ. ಅಧಿಕಾರಿ: ಬೆಳಗಾದರೆ ಡೆಮೊ ಕೊಡಬೇಕಾಗಿರುವ ಡೆವಲಪರ್. ಆತನಿಗೆ ಶಮದಮಾದಿ ಸಂಪತ್ತು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

2010ರಲ್ಲಿ ಹುಟ್ಟಿದ ಎನ್‌ಪಿಎಂನಲ್ಲಿ ಪ್ಯಾಕೇಜ್ ಪ್ರಕಟಿಸಲು ಖಾತೆಯೊಂದಿದ್ದರೆ ಸಾಕು, ಯಾರ ಅಪ್ಪಣೆಯೂ ಬೇಡ. ಹೀಗಾಗಿ ಅಲ್ಲಿನ ಸೃಷ್ಟಿ ಅಗಾಧವೂ ಹೌದು, ಅತಿಸೂಕ್ಷ್ಮವೂ ಹೌದು. ಕೊಟ್ಟ ಸಂಖ್ಯೆ ಸಮವೇ ಎಂದು ತಿಳಿಸಲೆಂದೇ ‘ಈಸ್-ಈವನ್’ ಎಂಬುದೊಂದಿದೆ. ಅದು ಸ್ವಂತ ಬುದ್ಧಿಯಿಂದ ಏನನ್ನೂ ತೀರ್ಮಾನಿಸದು. ‘ಬೆಸವೇ?’ ಎಂದು ‘ಈಸ್-ಆಡ್’ ಪ್ಯಾಕೇಜನ್ನು ಕೇಳಿ, ಬಂದ ಉತ್ತರವನ್ನು ತಿರುಗುಮುರುಗು ಮಾಡಿ ಒಪ್ಪಿಸುತ್ತದೆ. ಈಸ್-ಆಡ್ ತನ್ನ ಪಾಲಿಗೆ ‘ಈಸ್-ನಂಬರ್’ ಮೊರೆಹೋಗುತ್ತದೆ. ನೇತಿ ಮಾರ್ಗದಿಂದ ಸಮಸಂಖ್ಯೆಯ ಸಾಕ್ಷಾತ್ಕಾರ ಪಡೆದ ಗುರುಪರಂಪರೆ ಇದು.

ಇಂಥ ಭಂಡಾರದಲ್ಲಿ ಗ್ರಾಹ್ಯ ಯಾವುದು, ತ್ಯಾಜ್ಯ ಯಾವುದು ಎಂದು ತಿಳಿಯುವ ಬಗೆ ಹೇಗೆ? ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಆರನ್ನೂ ಪರೀಕ್ಷಿಸೋಣವಾಗಲಿ.

ಪ್ರತ್ಯಕ್ಷವೆಂದರೆ ಕೋಡನ್ನು ಸ್ವತಃ ಬಿಚ್ಚಿ ಓದುವುದು. ಇದೇ ಸರ್ವಶ್ರೇಷ್ಠವೆಂದು ಎಲ್ಲರೂ ಒಪ್ಪಿದ್ದಾರೆ. ಒಪ್ಪಿದ ಮೇಲೆ ಓದುವ ಅಗತ್ಯ ಯಾರಿಗೂ ಕಂಡಿಲ್ಲ.

ಎರಡನೆಯದು ಅನುಮಾನ. ಹೊಗೆಯಿದ್ದಲ್ಲಿ ಬೆಂಕಿ, ಡೌನ್‌ಲೋಡ್ ಇದ್ದಲ್ಲಿ ಗುಣ. ಈ ವ್ಯಾಪ್ತಿಗೆ ವ್ಯಭಿಚಾರ ದೋಷ ತಗುಲಿದ್ದು 2018ರಲ್ಲಿ. ವಾರಕ್ಕೆ ಲಕ್ಷಗಟ್ಟಲೆ ಡೌನ್‌ಲೋಡ್ ಆಗುತ್ತಿದ್ದ ‘ಇವೆಂಟ್-ಸ್ಟ್ರೀಮ್’ ಪ್ಯಾಕೇಜಿನ ಮೂಲಕರ್ತೃ, ನೆರವಾಗುತ್ತೇನೆಂದು ಬಂದ ಅಪರಿಚಿತನಿಗೆ ಅದನ್ನು ವಹಿಸಿಕೊಟ್ಟ. ಬಂದಾತ ‘ಫ್ಲಾಟ್‌ಮ್ಯಾಪ್-ಸ್ಟ್ರೀಮ್’ ಎಂಬ ಹೊಸ ಡಿಪೆಂಡೆನ್ಸಿಯೊಳಗೆ ಬಿಟ್‌ಕಾಯಿನ್ ಕದಿಯುವ ಕೋಡ್ ಬಚ್ಚಿಟ್ಟ. ಡೌನ್‌ಲೋಡ್ ಸಂಖ್ಯೆ ಇದರ ಸುಳಿವು ಕೊಡಲಿಲ್ಲ. ಗಿಟ್‌ಹಬ್ಬಿನ ಸ್ಟಾರುಗಳನ್ನು ಹೇತುವಾಗಿ ಹಿಡಿಯೋಣವೆಂದರೆ ಅವನ್ನು ದುಡ್ಡಿಗೆ ಮಾರುವವರೂ ಇದ್ದಾರೆ.

ಉಪಮಾನಕ್ಕೆ ಶಾಸ್ತ್ರದಲ್ಲಿ ಹಸುವನ್ನು ಹೋಲುವ ಗವಯ ಎಂಬ ಕಾಡುಪ್ರಾಣಿಯ ದೃಷ್ಟಾಂತವಿದೆ. 2017ರಲ್ಲಿ ಎನ್‌ಪಿಎಂ ಕಾಡಿಗೆ ಹೋದವರು ‘ಕ್ರಾಸ್-ಎನ್ವ್’ ಪ್ಯಾಕೇಜಿನಂತೆಯೇ ಕಾಣುವ, ಆದರೆ ನಡುವಿನ ಅಡ್ಡಗೀಟಿಲ್ಲದ ‘ಕ್ರಾಸೆನ್ವ್’ ಪ್ಯಾಕೇಜನ್ನು ಕಂಡರು. ಅದನ್ನು ಕಟ್ಟಿಕೊಂಡವರ ಕಂಪ್ಯೂಟರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಲ್ಲಿ ಟೋಕನ್, ಪಾಸ್‌ವರ್ಡ್ ಇಟ್ಟಿದ್ದರೆ ಅವೂ ಸೇರಿ, ಬೇರೆಯವರ ಸರ್ವರಿಗೆ ಹೋದವು.

ಶಬ್ದ ಪ್ರಮಾಣವೆಂದರೆ ಆಪ್ತವಾಕ್ಯ. ನವ್ಯರ ಆಪ್ತ ಎಐ. ಕೇಳಿದ ಕೂಡಲೇ ಪ್ಯಾಕೇಜಿನ ಹೆಸರು ಹೇಳುತ್ತದೆ. ಕೆಲವೊಮ್ಮೆ ಇಲ್ಲದ ಪ್ಯಾಕೇಜಿನ ಹೆಸರನ್ನೂ ಅದೇ ವಿಶ್ವಾಸದಿಂದ ಹೇಳುತ್ತದೆ. ಎಐ ಹೀಗೆ ಕಲ್ಪಿಸಿದ ‘ಹಗ್ಗಿಂಗ್‌ಫೇಸ್-ಸಿಎಲ್‌ಐ’ ಎಂಬ ಹೆಸರನ್ನು ಭದ್ರತಾ ಸಂಶೋಧಕರೊಬ್ಬರು ಪೈಥಾನಿನ ಪೈಪಿಐ ಭಂಡಾರದಲ್ಲಿ ನೋಂದಾಯಿಸಿ, ಒಳಗೆ ಏನೂ ಇಡದೆ ಬಿಟ್ಟರು. ಮೂರು ತಿಂಗಳಲ್ಲಿ 30 ಸಾವಿರಕ್ಕೂ ಹೆಚ್ಚು ಬಾರಿ ಡೌನ್‌ಲೋಡ್ ಆಯಿತೆಂದು 2024ರಲ್ಲಿ ವರದಿಯಾಯಿತು. ಶೂನ್ಯವಾದಿಗಳು ಈ ಅಂಕಿಯನ್ನು ಗಮನಿಸಬೇಕು.

ಅರ್ಥಾಪತ್ತಿಯ ಲಕ್ಷಣ ಪ್ರಸಿದ್ಧವಾಗಿದೆ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಎಂದ ಮೇಲೆ ರಾತ್ರಿ ಉಣ್ಣುತ್ತಾನೆ. ‘ರಿಕ್ವೆಸ್ಟ್’ ಎಂಬ ಪ್ಯಾಕೇಜ್ 2020ರ ಫೆಬ್ರವರಿಯಲ್ಲೇ ನಿವೃತ್ತಿ ಘೋಷಿಸಿತು. ಆಮೇಲೂ ವಾರವಾರ ಲಕ್ಷಾಂತರ ಬಾರಿ ಇಳಿಯುತ್ತಲೇ ಬಂದಿದೆ. ಆದ್ದರಿಂದ ಯಾವುದೋ ಹಳೆಯ ಪ್ಯಾಕೇಜುಗಳು ಯಾರ ಕಣ್ಣಿಗೂ ಬೀಳದೆ ಅದನ್ನು ಉಣ್ಣುತ್ತಿವೆಯೆಂದು ಸಿದ್ಧವಾಯಿತು.

ಉಳಿದದ್ದು ಅನುಪಲಬ್ಧಿ, ಅಂದರೆ ಇಲ್ಲದಿರುವುದರಿಂದ ಹುಟ್ಟುವ ಜ್ಞಾನ. ಇದರ ಮಹಾಪರ್ವ ನಡೆದದ್ದು 2016ರ ಮಾರ್ಚ್ 22ರಂದು. ಪ್ಯಾಕೇಜಿನ ಹೆಸರೊಂದರ ಹಕ್ಕಿಗಾಗಿ ಕಂಪನಿಯೊಂದರ ಜೊತೆ ನಡೆದ ಜಗಳದಲ್ಲಿ ಎನ್‌ಪಿಎಂ ಆ ಕಂಪನಿಯ ಪರ ವಹಿಸಿದ್ದರಿಂದ ಮುನಿದ ಕರ್ತೃವೊಬ್ಬ ತನ್ನ 273 ಪ್ಯಾಕೇಜುಗಳನ್ನು ಹಿಂತೆಗೆದುಕೊಂಡ. ಅವುಗಳಲ್ಲಿ 11 ಸಾಲಿನ ‘ಲೆಫ್ಟ್-ಪ್ಯಾಡ್’ ಕೂಡ ಇತ್ತು. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕಾಯಕ. ಅದು ಹೋದದ್ದೇ ತಡ, ಅದನ್ನು ಎಂದೂ ಆರಿಸಿಕೊಂಡಿರದವರ, ಹೆಸರನ್ನೇ ಕೇಳಿರದವರ ಬಿಲ್ಡುಗಳೆಲ್ಲ ಕುಸಿದವು. ಬೇಬೆಲ್, ರಿಯಾಕ್ಟ್‌ನಂಥ ಘಟಾನುಘಟಿಗಳೂ ಈ ಖಾಲಿ ಜಾಗವನ್ನು ಆಧರಿಸಿ ನಿಂತಿದ್ದವೆಂದು ಆಗ ಲೋಕಕ್ಕೆ ತಿಳಿಯಿತು. ಸುಮಾರು ಎರಡೂವರೆ ಗಂಟೆಯ ನಂತರ ಎನ್‌ಪಿಎಂ ಅದನ್ನು ಮರಳಿ ಪ್ರತಿಷ್ಠಾಪಿಸಿತು. ಮರುವರ್ಷ ಜಾವಾಸ್ಕ್ರಿಪ್ಟ್ ಭಾಷೆಗೇ ‘ಪ್ಯಾಡ್‌ಸ್ಟಾರ್ಟ್’ ಸೇರಿ, ಲೆಫ್ಟ್-ಪ್ಯಾಡಿನ ಅವತಾರಕಾರ್ಯ ಮುಗಿಯಿತು.

ಈ ಪ್ರಸಂಗದಿಂದ, ಬೇರೆ ಪ್ಯಾಕೇಜ್ ನೆಚ್ಚಿಕೊಂಡದ್ದನ್ನು ಹಿಂತೆಗೆಯುವಂತಿಲ್ಲ ಎಂಬ ವಿಧಿ ಬಂತು. 2024ರ ಹೊಸವರ್ಷದ ಹೊತ್ತಿಗೆ ಕೆಲವರು ಭಂಡಾರದ ಸಮಸ್ತವನ್ನೂ ನೆಚ್ಚಿಕೊಳ್ಳುವ ‘ಎವರಿಥಿಂಗ್’ ಎಂಬ ಪ್ಯಾಕೇಜ್ ರಚಿಸಿದರು. ಕೆಲಕಾಲ ಯಾರೂ ಏನನ್ನೂ ಹಿಂತೆಗೆಯಲಾಗದ ಸ್ಥಿತಿ ಉಂಟಾಯಿತು. ಅದ್ವೈತಕ್ಕೆ ಇಷ್ಟು ಹತ್ತಿರ ಬಂದ ಸಾಫ್ಟ್‌ವೇರ್ ಇನ್ನೊಂದಿಲ್ಲ.

ಇಲ್ಲಿ ಪೂರ್ವಪಕ್ಷ: ಪ್ರತಿ ಪ್ಯಾಕೇಜಿಗೂ ಅಂಕ ಕೊಟ್ಟರೆ ಮುಗಿಯಿತಲ್ಲ? ಕೊಟ್ಟದ್ದುಂಟು. ಎನ್‌ಪಿಎಂಎಸ್ ಎಂಬ ಹುಡುಕಾಟ ವ್ಯವಸ್ಥೆ ಗುಣಮಟ್ಟ, ಜನಪ್ರಿಯತೆ, ನಿರ್ವಹಣೆ ಎಂಬ ತ್ರಿಗುಣಗಳಿಂದ ಪ್ಯಾಕೇಜುಗಳನ್ನು ಅಳೆಯಿತು. ಆದರೆ ದಿನಾಂಕದ ಕೆಲಸಕ್ಕೆ ಹೆಸರಾಗಿದ್ದ ‘ಮೊಮೆಂಟ್’ ಬಳಗದವರು, ತಮ್ಮ ಲೈಬ್ರರಿಯ ಗಾತ್ರ ಹಾಗೂ ಹಳೆಯ ವಿನ್ಯಾಸವನ್ನು ಮುಂದಿಟ್ಟು, ಹೊಸ ಕೆಲಸಕ್ಕೆ ‘ಲಕ್ಸನ್’, ‘ಡೇ.ಜೆಎಸ್’, ‘ಡೇಟ್-ಎಫ್‌ಎನ್‌ಎಸ್’ ಮೊದಲಾದವನ್ನು ನೋಡಿರೆಂದು 2020ರ ಸೆಪ್ಟೆಂಬರಿನಲ್ಲಿ ತಾವೇ ಬರೆದರು. ಯಾರಿಗೆ ಯಾವುದು ಒಗ್ಗುತ್ತದೆ, ಏಕೆ ಎಂಬುದನ್ನು ಯಾವ ಅಂಕವೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಸಿದ್ಧಾಂತ ಸಿಗುವುದು ನೆರೆಯ ದರ್ಶನದಲ್ಲಿ. ಸಂಖ್ಯಾಶಾಸ್ತ್ರಿಗಳ ‘ಆರ್’ ಭಾಷೆಗೆ ‘ಕ್ರ್ಯಾನ್’ ಎಂಬ ಭಂಡಾರವಿದೆ. ಅಲ್ಲೂ 20 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳು. ಅಖಿಮ್ ಝೈಲೈಸ್ ಅವರು 2005ರಲ್ಲಿ ಅದಕ್ಕೆ ‘ಟಾಸ್ಕ್ ವ್ಯೂ’ ಪದ್ಧತಿ ತಂದರು. ಅರ್ಥಮಾಪನ, ಬದುಕುಳಿವಿನ ವಿಶ್ಲೇಷಣೆ, ಹೀಗೆ ಒಂದೊಂದು ವಿಷಯಕ್ಕೂ ಆ ಕ್ಷೇತ್ರ ಬಲ್ಲವರು ಕುಳಿತು, ಯಾವ ಕೆಲಸಕ್ಕೆ ಯಾವ ಪ್ಯಾಕೇಜ್ ಎಂದು ವಾಕ್ಯಗಳಲ್ಲಿ ಬರೆಯುತ್ತಾರೆ, ಮುಖ್ಯವಾದವನ್ನು ಗುರುತಿಸುತ್ತಾರೆ. ಬಳಕೆದಾರರು ತಿದ್ದುಪಡಿ ಸೂಚಿಸಬಹುದು. ಆರು ಪ್ರಮಾಣಗಳೂ ಸೋತ ಜಾಗದಲ್ಲಿ ಇದು ಗೆದ್ದಿದೆ.

ಆದ್ದರಿಂದ ಈ ಶಾಸ್ತ್ರದ ವಿಧಿವಾಕ್ಯ ಎರಡೇ. ಪ್ಯಾಕೇಜ್ ಪ್ರಕಟಿಸುವವರು ರೀಡ್‌ಮಿಯ ಮೇಲ್ಭಾಗದಲ್ಲೇ ಅದು ಯಾರಿಗಲ್ಲ ಎಂದು ಬರೆಯಲಿ. ನಾಲ್ಕನ್ನು ತೂಗಿ ನೋಡಿ ಒಂದನ್ನು ಆರಿಸಿದವರು, ಉಳಿದ ಮೂರನ್ನು ಬಿಟ್ಟದ್ದೇಕೆಂದು ಮುಂದೆ ಬರುವವರಿಗಾಗಿ ಎರಡು ಸಾಲು ಬರೆದಿಡಲಿ.